ಹಾರುವವನು ಎಲ್ಲಿಗೆ ಹೋದ?

ಸಿರುಗುಪ್ಪದ ಟೆಂಟ್ ಸಿನಿಮಾದಲ್ಲಿ ಇಂಗ್ಲಿಷ್ ಪಿಕ್ಚರ್ ಬಂದರೆ, ಪರದೆ ಪಕ್ಕ ಮೈಕ್ ಹಿಡಿದು ಕನ್ನಡದಲ್ಲಿ ಕಥೆ ಹೇಳುವುದು ನನ್ನ ಕೆಲಸ. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದ್ದರಿಂದ ಫಜೀತಿಗೇನೂ ಬರವಿರಲಿಲ್ಲ.

ಶಕ್ತಿ ಬರಲಿಲ್ಲ

ಒಂದು ಸಲ ಬೆನ್ನಿಗೆ ಶಾಲು ಕಟ್ಟಿಕೊಂಡು ಹಾರುವ ಮನುಷ್ಯನ ಪೋಸ್ಟರ್ ಬಂತು. ಟೆಂಟಿನ ಜೊತೆಗೆ ಅಕ್ಕಿ ಗಿರಣಿಯೂ ಇದ್ದ ನಮ್ಮ ಸಾಹುಕಾರರು ಮೊದಲೇ ಎಚ್ಚರಿಸಿದರು: "ಇದೂ ಓಡಲಿಲ್ಲಂದ್ರ ಟೆಂಟ್ ಕಿತ್ತು ಈ ಜಾಗದಾಗ ಭತ್ತ ಒಣಗಸ್ತೀನಿ. ನೀನೂ ಮನಿಗೆ ನಡಿ."

ಜನ ತುಂಬಿದರು. ಪರದೆ ಮೇಲೆ ಹೀರೋ ಹುಟ್ಟಿದ, ಅತ್ತ, ಶಾಲೆಗೆ ಹೋದ, ಅಪ್ಪನ ಜೊತೆ ಜಗಳವಾಡಿದ. ಹಾರುವ ಲಕ್ಷಣವೇ ಇಲ್ಲ. ನನಗೂ ತಲೆಬುಡ ತಿಳಿಯಲಿಲ್ಲ.

ಪಕ್ಕದ ಊರು ರಾರಾವಿಯ ಯಜಮಾನರೊಬ್ಬರು ಎದ್ದು ನಿಂತರು. "ತಮ್ಮಾ, ಅಂವ ಹಾರೂದು ಯಾವಾಗ?"

"ಕುಂದ್ರ್ರಿ ಯಜಮಾನ್ರ, ಶಕ್ತಿ ಇನ್ನೂ ಬಂದಿಲ್ಲ."

"ಎಲ್ಲಿಂದ ಬರಬೇಕು? ಬಳ್ಳಾರಿ ಬಸ್ಸಿಗೇನು?"

ಸಂಬಂಧ

ಇಂಟರ್‌ವಲ್ ಆದಮೇಲೆ ಒಬ್ಬ ಹೆಂಗಸು ಬಂದು ಹೀರೋನ ತಲೆ ನೇವರಿಸಿದಳು. ನಾನು ಧೈರ್ಯವಾಗಿ, "ಇವಳು ಅವನ ಸ್ವಂತ ಅಕ್ಕ" ಎಂದೆ. ಮುಂದಿನ ದೃಶ್ಯದಲ್ಲೇ ಇಬ್ಬರೂ ಉಂಗುರ ಬದಲಾಯಿಸಿಕೊಂಡರು.

ಹೆಂಗಸರ ಕಡೆಯಿಂದ ಗಲಾಟೆ ಎದ್ದಿತು. "ಏನ್ರೀ ಇದು ಅನಾಚಾರ!"

ನಾನು ಗಡಿಬಿಡಿಯಲ್ಲಿ ಕೂಗಿದೆ: "ಅಕ್ಕ ಅಲ್ರೀ, ಅಕ್ಕನ ಮಗಳು!"

ಟೆಂಟ್ ತಣ್ಣಗಾಯಿತು. ಮುದುಕಿಯೊಬ್ಬಳು ಸಮಾಧಾನದಿಂದ ಹೇಳಿದಳು: "ಹಂಗನ್ನು ಮತ್ತ. ಅಷ್ಟು ದೂರದ ದೇಶದಾಗೂ ಪದ್ಧತಿ ಬಿಟ್ಟಿಲ್ಲ ನೋಡು."

ಹೋದದ್ದು ಎಲ್ಲಿಗೆ

ಕಟ್ಟಕಡೆಗೆ ಹೀರೋ ಶಾಲು ಕಟ್ಟಿಕೊಂಡು ಮಾಳಿಗೆ ಹತ್ತಿದ, ಹಾರಿದ. ಅಷ್ಟೇ, ಪಿಕ್ಚರ್ ಮುಗಿಯಿತು. ದೀಪ ಹತ್ತಿದರೂ ಯಾರೂ ಏಳಲಿಲ್ಲ.

"ಎಲ್ಲಿಗೆ ಹೋದನಲೇ ಅಂವ?" ಎಂದು ಒಬ್ಬ ಕೂಗಿದ. ಬೆಂಚುಗಳು ಅಲುಗಾಡತೊಡಗಿದವು. ಬಾಗಿಲಲ್ಲಿ ಸಾಹುಕಾರರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಕೆಲಸ ಹೋಯಿತು ಅಂದುಕೊಂಡೆ. ರೀಲಿನ ಡಬ್ಬಿ ಮರುದಿನ ಕುರುಗೋಡಿನ ಟೆಂಟಿಗೆ ಹೋಗುವುದಿತ್ತು. ಬಾಯಿಗೆ ಅದೇ ಬಂತು: "ಕುರುಗೋಡಿಗೆ ಹೋಗ್ಯಾನ್ರೀ!"

ಜನ ಏನೋ ಗೊಣಗುತ್ತ ಎದ್ದು ಹೋದರು. ನಾನು ಬದುಕಿದೆ.

ಮೂರನೆಯ ದಿನ ಕುರುಗೋಡಿನ ಟೆಂಟಿನಲ್ಲಿ ನನ್ನಂತೆಯೇ ಕಥೆ ಹೇಳುವವನು ಅದೇ ಡಬ್ಬಿ ಹೊತ್ತು ನಮ್ಮ ಟೆಂಟಿಗೆ ಬಂದ. "ಏನ್ ಹೇಳಿ ಕಳಿಸೀಯೋ ಮಾರಾಯ? ನಿಮ್ಮೂರಿನ ಮಂದಿ ಬಸ್ ತುಂಬ ಬಂದು, ಉಳಿದ ಕಥಿ ತೋರಸು ಅಂತ ಕುಂತ್ರು. ಕಡೀಗೆ ಅಂವ ಹಾರಿದ ಕೂಡ್ಲೇ ನಮ್ಮೂರಿನವ್ರೂ ಸೇರಿ ನನ್ನ ಅಂಗಿ ಹಿಡದ್ರು."

"ಅಯ್ಯೋ! ನೀ ಏನಂದಿ?"

"ಏನನ್ಲಿ? ಸಿರುಗುಪ್ಪಕ್ಕ ವಾಪಸ್ ಹೋದ ಅಂದೆ. ಲಗೂನ ರೀಲ್ ಹಾಕು, ಎರಡೂ ಊರಿನವ್ರು ಹೊರಗ ನಿಂತಾರ."