ಸುಗಟೂರಿನ ಮೊಸರನ್ನ ಮತ್ತು ನನ್ನ ಪಿಎಚ್‌ಡಿ

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಪಿಎಚ್‌ಡಿ ಮಾಡಲು ಹೊರಟೆ. ಸುಗಟೂರಿನಲ್ಲಿ ಜೀವಶಾಸ್ತ್ರದ ಮೇಷ್ಟರಾಗಿ, ಬಿಡುವಿನಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹೆಚ್ಚಿ ಹಾಕುತ್ತಿದ್ದ ನನಗೆ ಇದೊಂದೇ ಆಸೆ. ಬೆಂಗಳೂರಿನಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರದ ಪ್ರೊಫೆಸರಮ್ಮ ಒಬ್ಬರಿದ್ದರು. ಒಂದೇ ಪಂಕ್ತಿಯಲ್ಲಿ ಉಂಡವರು ಒಟ್ಟಿಗೆ ಏಕೆ ಕಾಯಿಲೆ ಬೀಳುತ್ತಾರೆ ಎಂಬುದೇ ಅವರ ಸಂಶೋಧನೆ. ಅವರ ಬಳಿ ಖಾಲಿ ಇದ್ದದ್ದು ಒಂದೇ ಸೀಟು. ಬೇಕಾದದ್ದು ಸ್ನಾತಕೋತ್ತರ ಪದವಿ, ಒಂದು ಶಿಫಾರಸು ಪತ್ರ, ಮತ್ತು ಅಭ್ಯರ್ಥಿ ತಾನೇ ಮನೆ ಮನೆ ತಿರುಗಿ ಒಂದು ಕಾಯಿಲೆಯ ಮೂಲ ಪತ್ತೆಹಚ್ಚಿದ ವರದಿ.

ಕಾಯಿಲೆಗೆ ಎಲ್ಲಿ ಹೋಗುವುದು? ಊರಿನವರೆಲ್ಲ ಗುಂಡುಕಲ್ಲಿನಂತಿದ್ದರು!

ಅಷ್ಟರಲ್ಲಿ ನಮ್ಮ ಹೆಡ್‌ಮೇಷ್ಟರ ನಿವೃತ್ತಿಯ ಊಟ ಬಂತು. ಮೊಸರನ್ನದ ಹೊಣೆ ನನ್ನದು. ಬೆಳಿಗ್ಗೆಯೇ ಕೊಪ್ಪರಿಗೆಗೆ ಮೊಣಕೈವರೆಗೂ ಕೈ ಇಳಿಸಿದೆ. ನೆರವಿಗೆ ಬಂದಿದ್ದ ಹೆಂಡತಿ ಶಾರದೆ ತಡೆದಳು.

"ರೀ, ಸೊಪ್ಪು ಹೆಚ್ಚೋವಾಗ ಬೆರಳು ಕುಯ್ಕೊಂಡಿದೀರ, ಕೀವು ಬೇರೆ ಆಗಿದೆ. ಸೌಟಲ್ಲಿ ಕಲಸಿ."

"ಕೈಯಲ್ಲಿ ಕಲಸಿದ್ರೇನೇ ಕಣೇ ರುಚಿ. ಬ್ಯಾಂಡೇಜ್ ಇದೆಯಲ್ಲ!"

ಬಡಿಸಿದವರು ಕೊನೆಗೆ ಉಣ್ಣುವುದು ವಾಡಿಕೆ. ನನಗೂ ಶಾರದೆಗೂ ಮೊಸರನ್ನ ಉಳಿಯಲೇ ಇಲ್ಲ. ಸಂಜೆಗೆ ಊರಿಗೆ ಊರೇ ವಾಂತಿ! ಅಯ್ಯೋ ಪಾಪ ಅನ್ನಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು.

ನೋಟ್‌ಬುಕ್ ಹಿಡಿದು ಹೊರಟೆ. ಚಾಪೆ ಹಿಡಿದವರನ್ನು ಎಬ್ಬಿಸಿ ಎಬ್ಬಿಸಿ ಪ್ರಶ್ನೆ ಕೇಳಿದೆ. ಮೊಸರನ್ನ ತಿಂದವರಿಗೆ ವಾಂತಿ, ನೆಗಡಿಯೆಂದು ಮೊಸರು ಬಿಟ್ಟವರಿಗೆ ಏನೂ ಇಲ್ಲ. ಅಂದರೆ ಅಪರಾಧಿ, ಮೊಸರು ಕೊಟ್ಟಿದ್ದ ಪಕ್ಕದ ಮನೆಯ ವೆಂಕಟಮ್ಮ!

"ನಾಯನಾ, ಅದೇ ಮೊಸರು ನಮ್ಮ ಮನೇಲೂ ತಿಂದ್ವಿ, ನಮಗೇನೂ ಆಗ್ಲಿಲ್ವಲ್ಲ?" ಎಂದಳು ಆಕೆ.

"ವಿಜ್ಞಾನ ನಿಮಗೆ ಅರ್ಥ ಆಗಲ್ಲ ಬಿಡಮ್ಮ."

ಅವಳ ಮಾತನ್ನೂ ಪ್ರಾಮಾಣಿಕವಾಗಿ ವರದಿಯಲ್ಲಿ ಸೇರಿಸಿದೆ. ಅಂದಿನಿಂದ ಬೀದಿಯವರು ಅವಳ ಮೊಸರು ಮುಟ್ಟಲಿಲ್ಲ. ಹೆಡ್‌ಮೇಷ್ಟರು ಮಲಗಿದಲ್ಲಿಂದಲೇ ಶಿಫಾರಸು ಪತ್ರಕ್ಕೆ ಸಹಿ ಹಾಕಿದರು. ಮುಖಪುಟಕ್ಕೆ ಊಟದ ದಿನ ತೆಗೆಸಿಕೊಂಡ ಫೋಟೊ ಅಂಟಿಸಿದೆ: ಕೊಪ್ಪರಿಗೆಯ ಮೇಲೆ ಮೊಸರು ಮೆತ್ತಿದ ನನ್ನ ಕೈ, ಬೆರಳಿಗೆ ಬ್ಯಾಂಡೇಜು, ಮುಖದಲ್ಲಿ ನಗು.

ಸಂದರ್ಶನದಲ್ಲಿ ಪ್ರೊಫೆಸರಮ್ಮ ವರದಿಯನ್ನು ಪೂರ್ತಿ ಓದಿದರು. ಆಮೇಲೆ ಮುಖಪುಟಕ್ಕೆ ಬಂದು ಫೋಟೊ ದಿಟ್ಟಿಸಿದರು.

"ವೆಂಕಟಮ್ಮನ ಮನೆಯವರಿಗೆ ಏನೂ ಆಗಲಿಲ್ಲ ಅಂತ ನೀವೇ ಬರೆದಿದ್ದೀರಿ."

"ಹೌದು ಮೇಡಂ. ಅದೇ ವಿಚಿತ್ರ!"

"ಈ ಬೆರಳಿಗೆ ಏನಾಗಿತ್ತು?"

"ಸ್ವಲ್ಪ ಕೀವು..." ಎಂದವನು ಆ ಬೆರಳನ್ನು ಮೆಲ್ಲಗೆ ಮೇಜಿನ ಕೆಳಗೆ ಅಡಗಿಸಿದೆ.

"ವರದಿ ಬಹಳ ಚೆನ್ನಾಗಿದೆ," ಎಂದರು. "ಅಪರಾಧಿಯ ಹೆಸರೊಂದು ತಪ್ಪಿದೆ, ಅಷ್ಟೆ. ತಿದ್ದಿಕೊಡಿ, ನನ್ನ ವಿದ್ಯಾರ್ಥಿಗಳಿಗೆ ಪಾಠ ಮಾಡ್ತೀನಿ."

"ಸೀಟು, ಮೇಡಂ?"

"ಅದು ಬೇರೆಯವರಿಗೆ."

ಬಸ್ಸು ಇಳಿದವನು ನೇರ ವೆಂಕಟಮ್ಮನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬೀದಿಗೆಲ್ಲ ನಾನೇ ಹೇಳಿ ಬರುತ್ತೇನೆ ಎಂದೆ. ಅವಳು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಳು. ಕಣ್ಣು ತುಂಬಿ ಬಂತು. ಕೈ ಚಾಚಿದೆ.

ಅವಳು ಲೋಟವನ್ನು ಹಿಂದಕ್ಕೆಳೆದುಕೊಂಡಳು.

"ಇರು ನಾಯನಾ, ಮೊದಲು ಬೆರಳು ತೋರಿಸು!"