ಎಪ್ಪತ್ತೆರಡರ ಬಾಣಂತಿ

ನಮ್ಮ ಅತ್ತೆಯವರಿಗೆ ಸಂಶಯ ಬಾರದಂಥ ವಸ್ತು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ, ಅದು ಹುಟ್ಟಿದ ಮನೆಗೇ ಹೋಗಿ ವಿಚಾರಿಸಿಕೊಂಡು ಬಂದಿರುತ್ತಿದ್ದರು! ಹಾಲು ತಂದವನ ಹತ್ತಿರ ಹಸುವಿನ ಕುಲ ಗೋತ್ರ ಕೇಳುತ್ತಾರೆ. ಗ್ಯಾಸ್ ಸಿಲಿಂಡರ್ ಹೊತ್ತು ಬಂದವನನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ಅವನ ಊರು, ಅಪ್ಪನ ಹೆಸರು ಎಲ್ಲ ಆದ ಮೇಲೆ ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಗಾವಡಗೆರೆ ಪಕ್ಕದ ಈ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ನನ್ನ ವಿಚಾರಣೆ ಎರಡು ವರ್ಷ ನಡೆಯಿತು. ಖುಲಾಸೆಯಾದದ್ದು ದೇವರ ದಯೆ.

ಇವರಿಗೆ ಊರಿನಲ್ಲಿ ಒಂದು ಖಾತೆಯೂ ಇತ್ತು. ಹೆರಿಗೆ ಮಾಡಿಸುವವರು ಬೇರೆ. ಮಗುವಿನ ಹಿಂದೆ ಬೀಳುವ ಮಾಸನ್ನು ಹೂಳುವುದು ನಮ್ಮ ಅತ್ತೆ. ಹಿತ್ತಲಲ್ಲಿ ಮೊಳದುದ್ದದ ಗುಂಡಿ, ಅರಿಶಿನ ಕುಂಕುಮ, ನಾಯಿ ಕೆದರದ ಹಾಗೆ ಮೇಲೊಂದು ಚಪ್ಪಡಿ. ಈಗ ಹೆರಿಗೆಯೆಲ್ಲ ಆಸ್ಪತ್ರೆಯಲ್ಲಿ, ಅತ್ತೆ ಖಾತೆಯಿಲ್ಲದ ಮಂತ್ರಿ! ಸುಮ್ಮನಿರುತ್ತಾರೆಯೆ? ಪಕ್ಕದ ಮನೆಯ ಹುಡುಗಿ ಹೆತ್ತಾಗ ಆಸ್ಪತ್ರೆಗೇ ಹೋಗಿ ಮಾಸು ಎಲ್ಲಿ ಎಂದು ಕೇಳಿದರು. ನಿಯಮದ ಪ್ರಕಾರ ಕಳಿಸಿಯಾಯಿತು ಎಂದರು ನರ್ಸಮ್ಮ.

"ಒಂಬತ್ ತಿಂಗ್ಳು ಕೂಸ್ಗೆ ಅನ್ನ ಇಕ್ಕಿದ್ದು ಕಣವ್ವ ಅದು. ಎತ್ತೋಳ್ನ ಒಂದ್ ಮಾತು ಕೇಳ್ಬ್ಯಾಡ್ವಾ?" ಎಂದು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಎಬ್ಬಿಸಿಕೊಂಡು ಬರಲು ನನ್ನ ಗಂಡ ಹೋದರು. ಹೋದವರೂ ಮಧ್ಯಾಹ್ನದ ತನಕ ತಾಯಿಯ ಪಕ್ಕದಲ್ಲೇ ಕೂತಿದ್ದು ಬಂದರು!

ಹೋದ ವರ್ಷ ಹೊಗೆಸೊಪ್ಪಿನ ಹೊಲದಲ್ಲಿ ಕಡಿದ ಕೂಳೆಯೊಂದು ಎಪ್ಪತ್ತೆರಡರ ಅತ್ತೆಯ ಕಾಲಿನ ಕಿರುಬೆರಳ ಬುಡಕ್ಕೆ ಚುಚ್ಚಿತು. ಸಕ್ಕರೆ ಕಾಯಿಲೆಯ ಕಾಲು, ನೋವೇ ಗೊತ್ತಾಗಲಿಲ್ಲ. ಮೂರು ತಿಂಗಳಾದರೂ ಗಾಯ ಮಾಯಲಿಲ್ಲ. ಮೈಸೂರಿನ ದೊಡ್ಡ ಡಾಕ್ಟರು ನೋಡಿ ಎರಡು ಬೆರಳು ತೆಗೆಯಬೇಕು, ತಡ ಮಾಡಿದರೆ ಪಾದವೇ ಹೋಗುತ್ತದೆ ಎಂದರು.

"ಬಂದಿದ್ದು ಅತ್ತು ಬೆಳ್ಳಲ್ಲಿ, ಓಗೋದೂ ಅತ್ತರಲ್ಲೇ," ಎಂದರು ಅತ್ತೆ.

ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಬೇಡಿಕೊಂಡೆ. ನಂಜುಂಡಪ್ಪಾ, ಹತ್ತು ಕೇಳುವುದಿಲ್ಲ, ನಡೆಯುವಷ್ಟು ಉಳಿಸು.

ಆಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಾಲ್ಕು ವಾರ ಕಾದು ನೋಡೋಣ ಎಂದು ಮುಂದೆ ಬಂದಳು. ಅವಳು ಬಿಡಿಸಿ ಹೇಳಿದ್ದು ಇಷ್ಟು: ನಮ್ಮ ರಕ್ತದಲ್ಲಿ ಕಾವಲಿನ ಜೀವಕೋಶಗಳಿರುತ್ತವಂತೆ. ಹೊರಗಿನದು ಏನು ಒಳಗೆ ಬಂದರೂ ಮೊದಲು ಅವೇ ಓಡಿ ಬಂದು, ತಡವಿ ನೋಡಿ, ಬೇಡವಾದದ್ದನ್ನು ನುಂಗಿಹಾಕುತ್ತವಂತೆ. ಕೊಳೆ ತೆಗೆದಾದ ಮೇಲೆ ಅವೇ ಗುಣ ಬದಲಿಸಿಕೊಂಡು ರಿಪೇರಿಗೆ ನಿಲ್ಲಬೇಕು. ಸಕ್ಕರೆ ಕಾಯಿಲೆಯವರ ಗಾಯದಲ್ಲಿ ಎಷ್ಟೋ ಸಲ ಜಗಳದಲ್ಲೇ ನಿಂತುಬಿಡುತ್ತವಂತೆ! ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು.

ಅದಕ್ಕೇ, ಹೊಟ್ಟೆಯಲ್ಲಿ ಮಗುವನ್ನು ಸುತ್ತಿಕೊಂಡಿರುವ, ಮಾಸಿನ ಜೊತೆ ಬರುವ ತೆಳುಪೊರೆಯನ್ನು ತೊಳೆದು, ಅದರೊಳಗಿನ ಜೀವಕೋಶ ತೆಗೆದು, ಒಣಗಿಸಿ ಪ್ಯಾಕೆಟ್ಟು ಮಾಡಿರುತ್ತಾರೆ. ಗಾಯದ ಮೇಲೆ ಹಾಸಿದರೆ ಕಾವಲಿನವು ಬಂದು ಹುಡುಕುತ್ತವೆ. ಬೇರೆಯವರ ಜೀವಕೋಶ ಇಲ್ಲ, ಬರೀ ನೆಯ್ಗೆ. ಅದೃಷ್ಟವಿದ್ದರೆ ಜಗಳ ಬಿಟ್ಟು, ಹೊಸ ಚರ್ಮ ಕಟ್ಟುವುದಕ್ಕೆ ಆಳು ಕರೆಯುತ್ತವೆ. ಎಲ್ಲರಿಗೂ ಒಗ್ಗೀತು ಎಂದು ಹೇಳಲಾರೆ ಎಂದಳು.

"ಅಂದ್ರೆ ಒಕ್ಲು ಎಬ್ಬುಸ್ಬುಟ್ಟು ಬರೀ ಮನೆ ಕೊಡ್ತೀರಿ," ಎಂದರು ಅತ್ತೆ. ಆಮೇಲೆ ಅವಳ ಕೈ ಹಿಡಿದುಕೊಂಡರು. "ಎತ್ತೋಳ್ನ ಕೇಳಿ ತಕ್ಕಂಡ್ರಾ ಕಣವ್ವ, ಕೇಳ್ದೆ ತಕ್ಕಂಡ್ರಾ?"

"ಕೇಳಿಯೇ ತಗೊಂಡಿದ್ದು ಅಜ್ಜಿ. ಆ ತಾಯಿ ಒಪ್ಪಿ ಸಹಿ ಹಾಕಿದ್ದಾರೆ."

ಅತ್ತೆ ಒಂದೇ ಉತ್ತರಕ್ಕೆ ಒಪ್ಪಿಬಿಟ್ಟರು. ನನ್ನ ಇಪ್ಪತ್ತು ವರ್ಷದ ಸಂಸಾರದಲ್ಲಿ ಇದೇ ಮೊದಲು! ಆಮೇಲೆ ಕಾಲು ಚಾಚಿ, "ಅಂಗಾರೆ ಆಕು," ಎಂದರು.

ಸುದ್ದಿ ಮಿರ್ಲೆಗೆ ಕೊಟ್ಟಿರುವ ನಾದಿನಿಗೆ ಮುಟ್ಟಿತು. ಬಸ್ಸಿಳಿದವಳೇ, ಮಾಸು ಮೆತ್ತಿಸಿಕೊಂಡಿದ್ದೀಯ, ಮನೆಗೆಲ್ಲ ಸೂತಕ, ದೇವರ ಕೋಣೆಯ ಕಡೆ ಸುಳಿಯಬೇಡ ಎಂದು ತಾಯಿಗೇ ಆಜ್ಞೆ ಮಾಡಿದಳು.

"ಸೂತ್ಕ ಅಂದ್ರೆ ನಾನೀಗ ಬಾಣ್ತಿ ಅಂತ ತಾನೆ?" ಎಂದರು ಅತ್ತೆ. "ಬರೀ ಕೈಲಿ ಬಂದಿದ್ದೀಯಲ್ಲೇ. ಎಲ್ಲಿ ತುಪ್ಪ, ಎಲ್ಲಿ ಅಂಟಿನುಂಡೆ?"

ಈ ನೆಪದಲ್ಲಿ ಬೆಲ್ಲ ತಿನ್ನುವ ಹುನ್ನಾರ! ಅದನ್ನು ನಾನು ನಡೆಸಿಕೊಡಲಿಲ್ಲ. ಆದರೆ ನಾದಿನಿಯ ಮಾತನ್ನೂ ನಡೆಸಿಕೊಡಲಿಲ್ಲ. ದಿನಕ್ಕೆರಡು ಹೊತ್ತು ದೀಪ ಹಚ್ಚುವವಳು ನಾನು. ಮಡಿ ಮೈಲಿಗೆ ನನಗೂ ಗೊತ್ತು. ಚುಂಚನಕಟ್ಟೆಯ ರಾಮನನ್ನೂ ಒಬ್ಬಳು ತಾಯಿಯೇ ಹೆತ್ತದ್ದು, ಮಾಸಿಲ್ಲದೆ ಹೆತ್ತಳೆ ಎಂದು ಕೇಳಿದೆ. ಅತ್ತೆಯ ಕುರ್ಚಿಯನ್ನು ದೇವರ ಕೋಣೆಯ ಬಾಗಿಲಿಗೇ ಎಳೆದು ತಂದೆ. ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲಿಟ್ಟು ಮಂಗಳಾರತಿ ಕೊಟ್ಟೆ. ದೀಪವೇನೂ ಆರಲಿಲ್ಲ.

ಮೂರನೆಯ ವಾರ ಅತ್ತೆ ಡಾಕ್ಟರಮ್ಮನ ಹತ್ತಿರ ಹೊಸ ತಕರಾರು ತೆಗೆದರು. ಹಾಸಿದ ಪೊರೆಯನ್ನು ವಾಪಸು ಕೊಡಬೇಕು, ಊರಿಗೆ ಒಯ್ದು ಹೂಳಬೇಕು! ಅದು ಉಳಿದಿಲ್ಲ ಅಜ್ಜಿ, ನಿಮ್ಮ ಮೈಯೇ ಅದನ್ನು ಕರಗಿಸಿಕೊಂಡಿದೆ ಎಂದಳು ಅವಳು.

"ಅಂಗಾರೆ ನನ್ನೊಳ್ಗೇ ಊತಂಗಾಯ್ತು ಬುಡು," ಎಂದು ಸಮಾಧಾನ ಮಾಡಿಕೊಂಡರು.

ನಾಲ್ಕನೆಯ ವಾರ ಅಡಿಕೆಯಷ್ಟಿದ್ದ ಗಾಯ ಕಡಲೆಬೇಳೆಯಷ್ಟಾಯಿತು. ದೊಡ್ಡ ಡಾಕ್ಟರು ಬೆರಳು ತೆಗೆಯುವ ಮಾತನ್ನೇ ಕೈಬಿಟ್ಟರು. ಏಳನೆಯ ವಾರ ಗಾಯ ಪೂರ್ತಿ ಮುಚ್ಚಿ, ನಸುಗೆಂಪಾದ ಹೊಸ ಚರ್ಮ ಕಾಣಿಸಿತು. ಬೆರಳು ಹತ್ತಕ್ಕೆ ಹತ್ತು; ನಾನು ಕೇಳಿದ್ದಕ್ಕಿಂತ ಎರಡು ಹೆಚ್ಚೇ ಕೊಟ್ಟ ದೇವರು. ನಡೆದು ತೋರಿಸಿ ಅಜ್ಜಿ ಎಂದಳು ಡಾಕ್ಟರಮ್ಮ.

ಅತ್ತೆ ನನ್ನ ಹೆಗಲು ಹಿಡಿದು ಎದ್ದರು. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು, ನಿಂತುಬಿಟ್ಟರು. ನೋವೇನೋ ಎಂದು ನಾನು ಬಗ್ಗಿ ಅವರ ಮುಖ ನೋಡಿದೆ. ಅವರು ತಲೆ ತಗ್ಗಿಸಿ ಕಾಲನ್ನೇ ನೋಡುತ್ತಿದ್ದರು.

"ಆ ತಾಯಿ ಕೂಸೂ ಈಗ ಎಜ್ಜೆ ಇಕ್ತಾ ಇರ್ಬೇಕು ಕಣ್ಮಗ," ಎಂದರು ಮೆಲ್ಲಗೆ. "ಎಲ್ಲೂ ಬೀಳ್ದಂಗಿರ್ಲಿ."