ನೋಡಿಕೊಂಡು ಬನ್ನಿ ಅಂತ ಕಳಿಸಿದವರು

ನಮ್ಮ ಭಾವನವರಿಗೆ ಈ ಭೂಮಿಯ ಮೇಲೆ ಯಾರ ಭಯವೂ ಇಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನೇ ಪಡುತ್ತೇನೆ!

ಆ ಬೆಳಗ್ಗೆಯೂ ಎಂದಿನಂತೆ ಫಿಲ್ಟರಿಗೆ ಬಿಸಿನೀರು ಹಾಕಿ, ಹೆಪ್ಪು ಹಾಕಿದ್ದ ಮೊಸರು ಗಟ್ಟಿಯಾಗಿದೆಯೇ ಎಂದು ಪಾತ್ರೆ ಓರೆ ಮಾಡಿ ನೋಡುತ್ತಿದ್ದೆ. ಭಾವನವರು ಸೂಟು ತೊಟ್ಟು, ಕಾಲಿಗೆ ವಾಕಿಂಗ್ ಶೂ ಏರಿಸಿ ಅಡುಗೆಮನೆಯ ಬಾಗಿಲಲ್ಲಿ ಪ್ರತ್ಯಕ್ಷರಾದರು. ಕೋಟಿನ ಮೇಲಿನ ಗುಂಡಿ ಕೆಳಗಿನ ಕಾಜದಲ್ಲಿತ್ತು.

"ಏನಮ್ಮಾ, ಹೊರಡೋಣ್ವಾ? ಆಸ್ಟಿನ್ನೇನು ನಮ್ಮನ್ನ ಹುಡುಕಿಕೊಂಡು ಮರ್ಫಿಗೆ ಬರುತ್ತಾ?"

ಟೆಕ್ಸಸ್ಸಿನ ರಾಜಧಾನಿ ಆಸ್ಟಿನ್, ನಮ್ಮೂರು ಮರ್ಫಿಯಿಂದ ನಾಲ್ಕು ಗಂಟೆಯ ದಾರಿ. ಹೆಂಡತಿ ತೀರಿಕೊಂಡ ಮೇಲೆ ನನ್ನ ಗಂಡನ ಈ ಅಣ್ಣ ನಮ್ಮ ಮನೆಯಲ್ಲೇ ಇದ್ದಾರೆ. ಕಣ್ಣಿನ ಆಪರೇಷನ್ ಆಗಿರುವುದರಿಂದ ಡ್ರೈವ್ ಮಾಡುವಂತಿಲ್ಲ. ನನ್ನವರು ಕೆಲಸದ ಮೇಲೆ ಹ್ಯೂಸ್ಟನ್ನಿನಲ್ಲಿ. ಉಳಿದವಳು ನಾನು. ಮುಂದಿನ ವಾರವೋ, ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ! ಕಾನ್ವೆಂಟಿನಲ್ಲಿ ಮದರ್ ಸುಪೀರಿಯರ್ ಶೂ ಸದ್ದು ಕೇಳಿದರೇ ಮಾಡದ ತಪ್ಪು ಒಪ್ಪಿಕೊಳ್ಳುತ್ತಿದ್ದವಳು ನಾನು. ಇಂಥ ವಾರದಲ್ಲಿ, ಶಾಸಕರ ಮುಂದೆ ನಿಂತು ಪ್ರಶ್ನೆ ಹಾಕುವ ಮನುಷ್ಯನಿಗೆ ಸಾರಥಿಯಾಗುವುದೇ? "ಆ ದಿನ ನೀವೂ ಅಲ್ಲಿದ್ದಿರಲ್ಲಾ?" ಎಂದು ಅಧಿಕಾರಿ ಕೇಳಿದರೆ?

ಭಾವನವರದು ಒಂದೇ ಹುಚ್ಚು. ಯಾರಾದರೂ ಯಾವುದಕ್ಕಾದರೂ ನೇಮಕವಾದರೆ, "ಇವರನ್ನು ಆರಿಸಿದ್ದು ಯಾರು?" ಎನ್ನಬೇಕು. ಯುಗಾದಿ ಊಟಕ್ಕೆ ಮೊಸರನ್ನ ತರುವವರನ್ನು ಆರಿಸಿದ್ದು ಯಾರೆಂದು ಕೇಳಿ, ಆ ವರ್ಷ ಮೊಸರನ್ನವೇ ಇಲ್ಲದಂತೆ ಮಾಡಿದರು. ಬಡಾವಣೆಯಲ್ಲಿ ಅಂಚೆಪೆಟ್ಟಿಗೆಯ ಬಣ್ಣ ಆರಿಸಲು ಸಮಿತಿಯಾದಾಗ, ಆ ಸಮಿತಿಯನ್ನು ಆರಿಸಿದವರನ್ನು ಆರಿಸಿದ್ದು ಯಾರೆಂದು ಎದ್ದು ನಿಂತರು. ನಮ್ಮ ಬೀದಿಯ ಪೆಟ್ಟಿಗೆಗಳು ಇಂದಿಗೂ ಬಣ್ಣ ಕಾಣದೆ ಸಿಪ್ಪೆ ಸುಲಿದುಕೊಂಡು ನಿಂತಿವೆ!

ಹೆದ್ದಾರಿ ಹಿಡಿದ ಮೇಲೆ ಕೇಳಿದೆ. "ಈಗ ನಿಮಗೇನು ಕಷ್ಟ ಭಾವ?"

"ಮೂರರಲ್ಲಿ ಎರಡು ಪಾಲು ರಾಜ್ಯಗಳು ಕೇಳಿಕೊಂಡರೆ ದೇಶದ ಸಂವಿಧಾನ ತಿದ್ದೋದಕ್ಕೆ ಸಮಾವೇಶ ಕರೀಬೇಕು. ಇದುವರೆಗೆ ಅಂಥದ್ದು ನಡೆದೇ ಇಲ್ಲ. ನಡೆದರೆ ಟೆಕ್ಸಸ್ ಪರವಾಗಿ ಹೋಗೋರನ್ನ ಆರಿಸೋದು ನಾವಲ್ಲ, ಶಾಸಕರು. ಆ ನಿಯಮದ ಮೇಲೆ ಇವತ್ತು ಶಾಸಕರ ಸಮಿತಿಯವರು ಜನರ ಮಾತು ಕೇಳ್ತಾರೆ."

"ಆರಿಸಲಿ ಬಿಡಿ. ಹೇಳಿದ್ದಷ್ಟೇ ಮಾಡ್ತೀವಿ ಅಂತ ಪ್ರಮಾಣ ಮಾಡಿಸ್ತಾರೆ ಅಂತ ನೀವೇ ಹೇಳಿದ್ರಲ್ಲ?"

"ಮಾಡಿಸ್ತಾರೆ. ಮಿತಿ ಮೀರಿದರೆ ವಾಪಸ್ ಕರೀತಾರೆ. ಕರೆಯೋ ಹೊತ್ತಿಗೆ ಏನೇನು ಮುಗಿಸಿರ್ತಾರೋ!"

ಅರ್ಧ ದಾರಿಯಲ್ಲಿ, ವೇಕೋ ಊರಿನ ಹತ್ತಿರ ಕನ್ನಡಿಯಲ್ಲಿ ಪೊಲೀಸ್ ಕಾರು ಕಂಡಿತು. ಮಿತಿಯೊಳಗೇ ಇದ್ದರೂ ನಾನು ವೇಗ ಇಳಿಸಿದೆ. ಅದು ಪಕ್ಕಕ್ಕೆ ಬಂದಾಗ ಭಾವನವರು ಕಿಟಕಿ ಇಳಿಸಿ ಕೈಬೀಸಿದರು!

"ಕೈ ಒಳಗಿಡಿ ಭಾವ!"

"ಯಾಕಮ್ಮಾ? ಪಾಪ, ಅವನನ್ನ ಬೆಳಗ್ಗಿಂದ ಯಾರೂ ಮಾತಾಡಿಸಿರಲ್ಲ."

ಅವನೂ ನಗುತ್ತ ಕೈಬೀಸಿ ಮುಂದೆ ಹೋದ. ಅವನು ಕಣ್ಮರೆಯಾಗುವವರೆಗೂ ನಾನು ವೇಗ ಹೆಚ್ಚಿಸಲಿಲ್ಲ.

ಶಾಸನಸಭೆಯ ಬಾಗಿಲಲ್ಲಿ ತಪಾಸಣೆ. ನಮ್ಮ ಚಿತ್ರಾನ್ನದ ಸ್ಟೀಲ್ ಡಬ್ಬಿ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಕಾವಲಿನವನು ನನ್ನ ಮುಖ ನೋಡಿದ. ಅವನು ಏನನ್ನೂ ಕೇಳುವ ಮೊದಲೇ, "ಕಡಲೆಬೀಜ ಹಾಕಿದ್ದೇನೆ" ಎಂದು ತಪ್ಪೊಪ್ಪಿಕೊಂಡೆ!

ಸಭೆಯ ಕೋಣೆಯ ಮುಂದೆ ಭಾವನವರು ತಟ್ಟನೆ ತಿರುಗಿದರು. "ನೀನು ಒಳಗೆ ಬರಬೇಡ. ಇಲ್ಲೇ ಬೆಂಚಿನ ಮೇಲೆ ಕೂತ್ಕೋ."

"ಯಾಕೆ ಭಾವ?"

"ನಿನ್ನ ಮುಖ ನೋಡಿದರೆ ನನಗೂ ಹೆದರಿಕೆ ಅಂಟಿಕೊಳ್ಳುತ್ತೆ."

ಅಷ್ಟು ದೂರ ಜೀವ ಕೈಯಲ್ಲಿ ಹಿಡಿದು ಕರೆತಂದದ್ದಕ್ಕೆ ಇದು ಬಹುಮಾನ! ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಒಳಗಿನದನ್ನು ತೋರಿಸುತ್ತಿದ್ದ ಗೋಡೆಯ ಟಿವಿಯನ್ನು ನೋಡುತ್ತ ಕುಳಿತೆ. ಯಾರಾದರೂ ಹಾದುಹೋದಾಗಲೆಲ್ಲ ಅವರ ಕುತ್ತಿಗೆಯ ಬ್ಯಾಡ್ಜಿನ ಮೇಲೇ ನನ್ನ ಕಣ್ಣು.

ಭಾವನವರ ಸರದಿ ಬಂತು. ಮೈಕಿನ ಮುಂದೆ ಅವರು ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು:

"ನನಗೆ ಹೆಣ್ಣು ನೋಡಲು ಮನೆಯ ಹಿರಿಯರು ಸೇರಿ ಕೆಲವರನ್ನು ಆರಿಸಿ ಕಳಿಸಿದರು. ನನ್ನನ್ನು ಕೇಳಲಿಲ್ಲ. ಸುಮ್ಮನೆ ನೋಡಿಕೊಂಡು ಬನ್ನಿ, ಏನನ್ನೂ ಒಪ್ಪಬೇಡಿ ಎಂದು ಆಣೆ ಹಾಕಿಸಿದ್ದರು. ಹೋದವರು ಉಪ್ಪಿಟ್ಟು, ಕೇಸರಿಬಾತು ತಿಂದರು, ತಾಂಬೂಲ ಬದಲಾಯಿಸಿದರು, ಮದುವೆಯ ಛತ್ರವನ್ನೂ ಗೊತ್ತುಮಾಡಿ ಬಂದರು! ಆಮೇಲೆ ಯಾರನ್ನು ವಾಪಸ್ ಕರೆಯುವುದು? ಯಾವುದನ್ನು?"

ಶಾಸಕರೆಲ್ಲ ನಕ್ಕರು. ಒಬ್ಬಾಕೆ, "ಆಮೇಲೇನಾಯಿತು ಸರ್?" ಎಂದರು.

ಭಾವನವರು ಕೋಟಿನ ಗುಂಡಿಯನ್ನು ಬಿಚ್ಚಿ ಸರಿಯಾದ ಕಾಜಕ್ಕೆ ಹಾಕಿಕೊಂಡರು. ನಾನು ನೋಡನೋಡುತ್ತಲೇ ಎದ್ದು ನಿಂತಿದ್ದೆ.

"ನನ್ನ ಅದೃಷ್ಟ," ಎಂದರು. "ನಾನೇ ಆರಿಸಿದ್ದರೆ ಅಷ್ಟು ಒಳ್ಳೆಯವಳು ನನಗೆ ಸಿಗುತ್ತಿರಲಿಲ್ಲ. ಈಗವಳಿಲ್ಲ. ಆದರೆ ಒಂದು ದೇಶ ಅದೃಷ್ಟವನ್ನು ನಂಬಿಕೊಂಡು ಕೂರಬಾರದು. ಕಳಿಸುವ ಮೊದಲು ನಮ್ಮನ್ನೊಂದು ಮಾತು ಕೇಳಿ."

ಸಮಯ ಮುಗಿಯಿತೆಂದು ಗಂಟೆ ಹೊಡೆಯಿತು. ಯಾರೂ ಏನನ್ನೂ ತೀರ್ಮಾನಿಸಲಿಲ್ಲ. ವಿಷಯ ಮುಂದಕ್ಕೆ ಹೋಯಿತು. ಮರಳುವ ದಾರಿಯುದ್ದಕ್ಕೂ ಭಾವನವರು ನಿದ್ದೆ ಮಾಡಿದರು. ನಾನು ಕೋಪ ಮಾಡಿಕೊಂಡೇ ಡ್ರೈವ್ ಮಾಡಿದೆ, ಹಿಂದೆ ಪೊಲೀಸ್ ಕಾರು ಬಂತೇ ಎಂದು ಕಣ್ಣು ಮಾತ್ರ ಕನ್ನಡಿಯಲ್ಲಿ.

ಸಂಜೆ ಮನೆ ಸೇರಿದಾಗ ಪಕ್ಕದ ಮನೆಯ ಧಾರವಾಡದ ಆಂಟಿ ಗಿಡಗಳಿಗೆ ನೀರು ಬಿಡುತ್ತಿದ್ದರು. ಶಾಲೆಯ ವಿಷಯಕ್ಕೆ ಅವರೂ ಹಿಂದೊಮ್ಮೆ ಆಸ್ಟಿನ್ನಿನಲ್ಲಿ ಹೀಗೇ ಮಾತಾಡಿ ಬಂದವರು. ಭಾವನವರು ಒಳಗೆ ಹೋದ ಮೇಲೆ, ನನ್ನನ್ನು ಹೊರಗೆ ಕೂರಿಸಿದ ಕಥೆಯನ್ನು ಅವರ ಮುಂದೆ ತೋಡಿಕೊಂಡೆ.

"ಮತ್ತ? ಕೂಡ್ರಿಸ್ಲಿಕ್ಕೇ ಬೇಕಲ್ರೀ," ಎಂದರು ಆಂಟಿ, ಪೈಪನ್ನು ಕರಿಬೇವಿನತ್ತ ತಿರುಗಿಸುತ್ತ. "ಹಿಂದ ಕೂತವರ ಮುಖಾನೂ ಕ್ಯಾಮೆರಾದಾಗ ಬರ್ತದೇನು ಅಂತ ನಿನ್ನೆ ಎರಡೆರಡು ಸರ್ತಿ ಬಂದು ಕೇಳಿದ್ರು ನಿಮ್ಮ ಭಾವ. ಬರ್ತದ್ರಿ ಅಂದೆ. ಹಂಗಿದ್ರ ಆ ಹುಡುಗೀನ ಒಳಗ ಬಿಡೂದಿಲ್ಲ, ಮುಂದಿನ ವಾರ ಆಕಿ ಇಂಟರ್‌ವ್ಯೂ ಅದ ಅಂದ್ರು. ಆಕಿಗೆ ಹೇಳಬ್ಯಾಡ್ರಿ, ಇನ್ನಷ್ಟು ಹೆದರ್ತಾಳ ಅಂತನೂ ಅಂದಿದ್ರು. ನಾ ನೋಡ್ರಿ, ಹೇಳೇಬಿಟ್ಟೆ!"